ಗುಳಿಗೆಯಲ್ಲಿ ಅನುಭಾವ ಸಿಗುತ್ತದೆಯೇ?

ನೇತಿನೇತಿ

ಸೈಲೋಸೈಬಿನ್ (ಕೆಲವು ಅಣಬೆಗಳಲ್ಲಿರುವ ಸತ್ವ), ಎಲ್‌ಎಸ್‌ಡಿ, ಮೆಸ್ಕಲಿನ್, ಡಿಎಂಟಿಯಂಥ ಮತಿವಿಭ್ರಮದ ಮದ್ದು ತೆಗೆದುಕೊಂಡವರಲ್ಲಿ ತುಂಬಾ ಜನ ಹೇಳುವ ಮಾತು ಒಂದೇ: ‘ನಾನು’ ಅನ್ನುವುದು ಕರಗಿಹೋಯಿತು, ಎಲ್ಲವೂ ಒಂದೇ ಅಂತ ಕಂಡಿತು, ಕಾಲ ನಿಂತುಹೋಯಿತು. ಧ್ಯಾನದಲ್ಲಿ ಪಳಗಿದವರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದಾರೆ. ಹಾಗಿದ್ದರೆ ಆರು ಗಂಟೆಯಲ್ಲಿ ಆಗುವ ಕೆಲಸಕ್ಕೆ ಮೂವತ್ತು ವರ್ಷ ಗೋಡೆ ನೋಡುತ್ತಾ ಕೂರುವುದು ಯಾಕೆ? ‘ಮಾದಕ ವಸ್ತು ಕೆಟ್ಟದ್ದು’ ಅಂತ ಬಾಗಿಲು ಹಾಕುವುದು ಬೇಡ, ‘ತಗೊಂಡವರಿಗೇ ಗೊತ್ತು’ ಅಂತ ಬಾಯಿ ಮುಚ್ಚಿಸುವುದೂ ಬೇಡ. ಪ್ರಯೋಗಗಳಲ್ಲಿ ಏನನ್ನು ಅಳೆದರು, ಎಲ್ಲಿ ಎಡವಿದರು, ಅಲ್ಲಿಂದ ಶುರು ಮಾಡೋಣ.

ಹಳೇಕಡತ

ಶುರು ಅಂದರೆ 1962ರ ಏಪ್ರಿಲ್ 20, ಗುಡ್ ಫ್ರೈಡೇ. ಬಾಸ್ಟನ್ ವಿಶ್ವವಿದ್ಯಾಲಯದ ಮಾರ್ಷ್ ಚಾಪೆಲ್. ವಾಲ್ಟರ್ ಪಾಂಕೆ ತನ್ನ ಹಾರ್ವರ್ಡ್ ಪಿಎಚ್‌ಡಿಗಾಗಿ 20 ಮಂದಿ ದೇವತಾಶಾಸ್ತ್ರದ ವಿದ್ಯಾರ್ಥಿಗಳನ್ನು ನೆಲಮಾಳಿಗೆಯ ಪುಟ್ಟ ಚಾಪೆಲ್‌ನಲ್ಲಿ ಕೂರಿಸಿದ. ಮೇಲೆ ಧರ್ಮಗುರು ಹೋವರ್ಡ್ ಥರ್ಮನ್ ನಡೆಸುತ್ತಿದ್ದ ಪ್ರಾರ್ಥನೆ, ಪ್ರವಚನ ಎಲ್ಲ ಸ್ಪೀಕರ್‌ನಲ್ಲಿ ಕೆಳಗೆ ಕೇಳುತ್ತಿತ್ತು. 10 ಮಂದಿಗೆ 30 ಮಿಲಿಗ್ರಾಂ ಸೈಲೋಸೈಬಿನ್, ಉಳಿದ 10 ಮಂದಿಗೆ 200 ಮಿಲಿಗ್ರಾಂ ನಿಕೋಟಿನಿಕ್ ಆಮ್ಲ. ಈ ಆಮ್ಲ ಯಾಕೆ? ಮುಖ ಕೆಂಪೇರುತ್ತದೆ, ಮೈ ಜುಮ್ಮೆನ್ನುತ್ತದೆ. ತೆಗೆದುಕೊಂಡವನು ‘ನನಗೇ ಅಸಲಿ ಸಿಕ್ಕಿದೆ’ ಅಂದುಕೊಳ್ಳಲಿ ಅಂತ. ಮೊದಮೊದಲು ಉಪಾಯ ಫಲಿಸಿತು. ಆಮೇಲೆ ಕೆಂಪು ಇಳಿಯಿತು. ಇವರು ನೆಟ್ಟಗೆ ಕೂತು ಪ್ರವಚನ ಕೇಳುತ್ತಿದ್ದಾರೆ, ಪಕ್ಕದವರು ಬೇರೆಯೇ ಲೋಕದಲ್ಲಿದ್ದಾರೆ. ಯಾರು ಯಾವ ಗುಂಪು ಅಂತ ಇಡೀ ಕೋಣೆಗೆ ಗೊತ್ತಾಯಿತು. ಈ ಕ್ಷೇತ್ರದ ಅತಿ ಹಳೆಯ ಕಾಯಿಲೆ ಇದೇ, ಇವತ್ತಿಗೂ ವಾಸಿಯಾಗಿಲ್ಲ.

ಅನುಭಾವದ ಲಕ್ಷಣಗಳೆಂದು ಪಾಂಕೆ ಪಟ್ಟಿ ಮಾಡಿದ್ದ ಅಂಶಗಳಲ್ಲಿ ಸೈಲೋಸೈಬಿನ್ ಗುಂಪು ಬಹಳ ಮುಂದೆ ಬಂತು. ಕಾಲು ಶತಮಾನದ ನಂತರ ರಿಕ್ ಡಾಬ್ಲಿನ್ ಅವರಲ್ಲಿ 16 ಮಂದಿಯನ್ನು ಹುಡುಕಿ ಮಾತಾಡಿಸಿ 1991ರಲ್ಲಿ ಪ್ರಕಟಿಸಿದರು. ಸೈಲೋಸೈಬಿನ್ ಪಡೆದವರ ಮನಸ್ಸಲ್ಲಿ ಆ ದಿನ ಮಾಸಿರಲಿಲ್ಲ, ಅಂಕಗಳೂ ಕುಸಿದಿರಲಿಲ್ಲ. ಆದರೆ ಜೊತೆಗೆ ಇನ್ನೊಂದು ಸಂಗತಿ ಹೊರಬಂತು. ಒಬ್ಬ ವಿದ್ಯಾರ್ಥಿ ಪ್ರವಚನದ ಕರೆಯನ್ನು ಅಕ್ಷರಶಃ ತಗೊಂಡು ಚಾಪೆಲ್ ಬಿಟ್ಟು ಹೊರಗೆ ನಡೆದಿದ್ದ. ಹಿಡಿದು ತಂದು ಶಾಂತಗೊಳಿಸುವ ಕ್ಲೋರ್‌ಪ್ರೊಮಜಿನ್ ಮದ್ದು ಚುಚ್ಚಬೇಕಾಗಿತ್ತು. ಪಾಂಕೆ ಇದನ್ನು ಪ್ರಬಂಧದಲ್ಲಿ ಬರೆಯಲೇ ಇಲ್ಲ.

ಗ್ರಾಹಕ2ಎ

ಕಡತಕ್ಕೆ ಯಂತ್ರದ ಭಾಗ ಸೇರಿಸುತ್ತೇನೆ. ಸೈಲೋಸೈಬಿನ್ ದೇಹದಲ್ಲಿ ಫಾಸ್ಫೇಟ್ ಕಳಚಿಕೊಂಡು ಸೈಲೋಸಿನ್ ಆಗುತ್ತದೆ, ಕೆಲಸ ಮಾಡುವುದು ಅದು. ಅದು ಹೋಗಿ ಕೂರುವ ಮುಖ್ಯ ಜಾಗ ಮಿದುಳಿನ ನರಕೋಶಗಳ ಮೇಲಿನ ಸೆರೊಟೋನಿನ್ 2ಎ ಗ್ರಾಹಕ (ರಿಸೆಪ್ಟರ್). ಇದನ್ನು ತೋರಿಸಿದ ರೀತಿ ಸರಳ: ಮೊದಲೇ ಕೀಟನ್‌ಸೆರಿನ್ ಎಂಬ ಔಷಧ ಕೊಟ್ಟು ಆ ಗ್ರಾಹಕವನ್ನು ಮುಚ್ಚಿಬಿಟ್ಟರೆ ಅದೇ ಡೋಸ್‌ಗೆ ದೃಶ್ಯವೂ ಇಲ್ಲ, ಐಕ್ಯವೂ ಇಲ್ಲ. ಜ್ಯೂರಿಕ್‌ನಲ್ಲಿ ಫೋಲೆನ್‌ವೈಡರ್ ತಂಡ 1998ರಲ್ಲಿ ಇದನ್ನು ಮಾಡಿ ತೋರಿಸಿತು.

ಅವಧಿ ಹೀಗೆ. ಬಾಯಿಂದ ತೆಗೆದುಕೊಂಡ ಸೈಲೋಸೈಬಿನ್ ಅರ್ಧದಿಂದ ಒಂದು ಗಂಟೆಯೊಳಗೆ ಏರುತ್ತದೆ, ಎರಡನೇ ಗಂಟೆಯ ಆಸುಪಾಸಿನಲ್ಲಿ ತುದಿ, ಆರು ಗಂಟೆಗೆ ಬಹುತೇಕ ಇಳಿದಿರುತ್ತದೆ. ಎಲ್‌ಎಸ್‌ಡಿ 8ರಿಂದ 12 ಗಂಟೆ. ಸೇದಿದ ಡಿಎಂಟಿ ಹದಿನೈದು ನಿಮಿಷದಲ್ಲಿ ಮುಗಿದೇಹೋಗುತ್ತದೆ. ಸೈಲೋಸೈಬಿನ್ ಅಥವಾ ಎಲ್‌ಎಸ್‌ಡಿಯ ಅದೇ ಡೋಸ್ ಮರುದಿನ ಮತ್ತೆ ತೆಗೆದುಕೊಂಡರೆ ಪರಿಣಾಮ ಬಹಳ ಕಮ್ಮಿ, ಗ್ರಾಹಕಗಳು ಅಷ್ಟು ಬೇಗ ಹಿಂದೆ ಸರಿದಿರುತ್ತವೆ. ದಿನಾ ಸಾಧನೆ ಮಾಡಬಹುದು, ದಿನಾ ಇದನ್ನು ಮಾಡುವಂತಿಲ್ಲ, ರಸಾಯನಶಾಸ್ತ್ರವೇ ಬಿಡುವುದಿಲ್ಲ.

ಮಿದುಳಲ್ಲಿ ಕಾಣುವುದು: ಸುಮ್ಮನಿದ್ದಾಗ ‘ನನ್ನ ಕಥೆ’ ಹೆಣೆಯುತ್ತಾ ಇರುವ ಡಿಫಾಲ್ಟ್ ಮೋಡ್ ಜಾಲ ಸಡಿಲಗೊಳ್ಳುತ್ತದೆ. 2012ರಲ್ಲಿ ಕಾರ್‌ಹಾರ್ಟ್-ಹ್ಯಾರಿಸ್ ತಂಡ 2 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟು ಸ್ಕ್ಯಾನ್ ಮಾಡಿದಾಗ ಅದರ ಕೇಂದ್ರಗಳ ಚಟುವಟಿಕೆ ಇಳಿದಿತ್ತು. ನುರಿತ ಧ್ಯಾನಿಗಳಲ್ಲೂ ಇದೇ ಜಾಲ ತಣ್ಣಗಿರುವುದನ್ನು 2011ರಲ್ಲಿ ಬೇರೆ ತಂಡ ವರದಿ ಮಾಡಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ‘ನೋಡಿ, ಎರಡೂ ಒಂದೇ’ ಅನ್ನುವವರಿಗೆ ಒಂದೇ ಮಾತು: ಜ್ವರದಲ್ಲೂ ಓಟದಲ್ಲೂ ಮೈ ಬಿಸಿಯಾಗುತ್ತದೆ.

ಸುಮ್ಮನೆಕೂತವ

ಜ್ವರ-ಓಟದ ಮಾತು ಚೆನ್ನಾಗಿದೆ. ಆದರೆ ಆ ಕಡೆಯ ಸಾಕ್ಷ್ಯವನ್ನೂ ಮುಂದಿಡಿ. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಗ್ರಿಫಿತ್ಸ್ ತಂಡದ 2006ರ ಅಧ್ಯಯನ ಪಾಂಕೆಯದ್ದಕ್ಕಿಂತ ಎಷ್ಟೋ ಬಿಗಿ. 36 ಮಂದಿ, ಯಾರೂ ಹಿಂದೆ ಇಂಥದ್ದನ್ನು ಮುಟ್ಟಿದವರಲ್ಲ, ಎಲ್ಲರಿಗೂ ಪ್ರಾರ್ಥನೆಯೋ ಧ್ಯಾನವೋ ಏನೋ ಒಂದು ರೂಢಿ ಇತ್ತು. 70 ಕೆಜಿ ತೂಕಕ್ಕೆ 30 ಮಿಲಿಗ್ರಾಂ ಲೆಕ್ಕದಲ್ಲಿ ಸೈಲೋಸೈಬಿನ್. ಹೋಲಿಕೆಗೆ ಇನ್ನೊಂದು ದಿನ 40 ಮಿಲಿಗ್ರಾಂ ಲೆಕ್ಕದಲ್ಲಿ ಮಿಥೈಲ್‌ಫೆನಿಡೇಟ್. ಸೈಲೋಸೈಬಿನ್ ದಿನ 22 ಮಂದಿಗೆ ‘ಸಂಪೂರ್ಣ’ ಅನುಭಾವ. ಎರಡು ತಿಂಗಳ ನಂತರವೂ ಮೂರರಲ್ಲಿ ಎರಡು ಪಾಲು ಜನ ಅದನ್ನು ಜೀವನದ ಅತಿ ಅರ್ಥಪೂರ್ಣ ಐದು ಘಟನೆಗಳಲ್ಲಿ ಸೇರಿಸಿದರು, ಮಗು ಹುಟ್ಟಿದ್ದಕ್ಕೂ ತಂದೆ-ತಾಯಿ ತೀರಿಹೋದದ್ದಕ್ಕೂ ಹೋಲಿಸಿದವರಿದ್ದರು. ಹದಿನಾಲ್ಕು ತಿಂಗಳಾದ ಮೇಲೂ ಆ ಮಾತು ಹೆಚ್ಚೇನೂ ಬದಲಾಗಲಿಲ್ಲ. ಅಮಲು ಇಳಿದಾಗ ಇಳಿಯುವ ಭ್ರಮೆ ಹೀಗಿರುವುದಿಲ್ಲ.

ಅಳತೆಗೋಲು

ಅದೇ ಅಧ್ಯಯನದ ಇನ್ನೊಂದು ಸಾಲನ್ನೂ ಓದಿ: ಮಿಥೈಲ್‌ಫೆನಿಡೇಟ್ ದಿನವೂ 4 ಮಂದಿಗೆ ‘ಸಂಪೂರ್ಣ’ ಅನುಭಾವ ಆಗಿತ್ತು. ಅದು ಗಮನ ನಿಲ್ಲದ ಮಕ್ಕಳಿಗೆ ಬರೆದುಕೊಡುವ ಮಾತ್ರೆ. ಸೋಫಾ, ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಪಕ್ಕದಲ್ಲಿ ನಂಬಿಕೆಯ ಮಾರ್ಗದರ್ಶಿ, ಮನಸ್ಸಿನಲ್ಲಿ ನಿರೀಕ್ಷೆ, ಇಷ್ಟಿದ್ದರೆ ಒಂಬತ್ತರಲ್ಲಿ ಒಬ್ಬರಿಗೆ ಅಷ್ಟೇ ಸಾಕಾಯಿತು.

ಈಗ ‘ಸಂಪೂರ್ಣ’ ಅನ್ನುವ ಪದವನ್ನು ಬಿಚ್ಚೋಣ. ಅನುಭಾವ ಅಳೆಯಲು ಈಗ ಬಳಕೆಯಲ್ಲಿರುವ ಎಂಇಕ್ಯೂ30 ಪ್ರಶ್ನಾವಳಿಯಲ್ಲಿ 30 ಹೇಳಿಕೆಗಳು, ಪ್ರತಿಯೊಂದಕ್ಕೂ 0ಯಿಂದ 5 ಅಂಕ. ನಾಲ್ಕು ಗುಂಪು: ಐಕ್ಯ ಮತ್ತು ಪಾವಿತ್ರ್ಯಕ್ಕೆ 15 ಹೇಳಿಕೆ, ಆನಂದಕ್ಕೆ 6, ದೇಶಕಾಲ ಮೀರಿದ್ದಕ್ಕೆ 6, ಮಾತಿಗೆ ನಿಲುಕದ್ದಕ್ಕೆ 3. ನಾಲ್ಕರಲ್ಲೂ ಶೇ 60 ಮುಟ್ಟಿದರೆ ‘ಸಂಪೂರ್ಣ’. ಲೆಕ್ಕ ಹಾಕಿ: ಕೊನೆಯ ಗುಂಪಿನಲ್ಲಿ 15ಕ್ಕೆ 9 ಬೇಕು. ಒಬ್ಬಾಕೆ ಮೊದಲ ಮೂರರಲ್ಲಿ ಪೂರ್ತಿ ಅಂಕ ತಗೊಂಡು, ‘ನನಗೆ ಆದದ್ದನ್ನು ನಾನು ಚೆನ್ನಾಗಿಯೇ ಹೇಳಬಲ್ಲೆ’ ಅಂತ ಕೊನೆಯದರಲ್ಲಿ 8 ಹಾಕಿದರೆ ಆಕೆಯದ್ದು ಅಪೂರ್ಣ. ಮಾತು ಬಲ್ಲವರು ಫೇಲ್! ಹನ್ನೆರಡನೇ ಶತಮಾನದ ವಚನಕಾರರನ್ನು ಕೂರಿಸಿದ್ದರೆ ಅರ್ಧ ಜನ ಇಲ್ಲೇ ನಪಾಸಾಗುತ್ತಿದ್ದರು.

ತಮಾಷೆ ಬಿಡಿ. ಪ್ರಶ್ನಾವಳಿಯ ಬೇರು ಇರುವುದು ವಾಲ್ಟರ್ ಸ್ಟೇಸ್ 1960ರಲ್ಲಿ ಮಾಡಿದ ವರ್ಗೀಕರಣದಲ್ಲಿ. ಎಲ್ಲ ಧರ್ಮದ ಅನುಭಾವಕ್ಕೂ ಒಂದೇ ತಿರುಳು ಅನ್ನುವುದು ಆತನ ವಾದ. ಆ ವಾದವನ್ನು ಪ್ರಶ್ನೆಗಳಾಗಿ ಬರೆದು, ಉತ್ತರ ಬಂದ ಮೇಲೆ ‘ನೋಡಿ, ಒಂದೇ ತಿರುಳು’ ಅನ್ನುವುದು ಚಕ್ರದ ವಾದ. ಇದು ಅಳೆಯುವುದು ಆ ಮಧ್ಯಾಹ್ನದ ಸ್ಥಿತಿಯನ್ನು. ಜ್ಞಾನೋದಯವನ್ನು ಅಳೆಯಲು ಇದನ್ನು ಮಾಡಿಯೇ ಇಲ್ಲ.

ಸೂತ್ರಪಾಠ

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲ ಇದೆ, ಬಳಸಿಕೊಳ್ಳೋಣ. ಅನುಭವ ಬೇರೆ, ಅನುಭಾವ ಬೇರೆ. ಮೊದಲನೆಯದು ಆಗಿಹೋಗುವಂಥದ್ದು, ಎರಡನೆಯದು ಇರುವ ರೀತಿಯನ್ನೇ ಬದಲಿಸುವಂಥದ್ದು. ಶರಣರ ಆರು ಮೆಟ್ಟಿಲಿನ ಷಟ್‌ಸ್ಥಲದಲ್ಲಿ ಐಕ್ಯ ಬರುವುದು ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ ಎಲ್ಲ ಆದ ಮೇಲೆ. ಐಕ್ಯದ ರುಚಿ ಮೊದಲೇ ಸಿಕ್ಕಿದವನು ಹಿಂದಿನ ಐದನ್ನು ದಾಟಿದ್ದಾನೆ ಅಂತ ಅಲ್ಲ.

ಇಂಥ ಚರ್ಚೆಯಲ್ಲಿ ಯಾರಾದರೂ ಪತಂಜಲಿಯನ್ನು ಎಳೆದೇ ತರುತ್ತಾರೆ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಯೋಗಸೂತ್ರ 4.1: ‘ಜನ್ಮೌಷಧಿಮಂತ್ರತಪಃಸಮಾಧಿಜಾಃ ಸಿದ್ಧಯಃ’. ಔಷಧಿಯಿಂದಲೂ ಸಿದ್ಧಿ ಬರುತ್ತದೆ ಅಂತ ಬರೆದಿರುವುದು ನಿಜ. ಎರಡು ತಕರಾರು. ಒಂದು, ಯೋಗಸೂತ್ರದ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯ ಇಲ್ಲಿ ಔಷಧಿಗೆ ಕೊಡುವ ಉದಾಹರಣೆ ಅಸುರರ ಮನೆಗಳ ರಸಾಯನ, ಅಂದರೆ ಮುಪ್ಪು ತಡೆಯುವ ಮದ್ದಿನ ಜಾತಿ, ಮತಿವಿಭ್ರಮದ ಅಣಬೆಯಲ್ಲ. ಎರಡು, ಐದೇ ಸೂತ್ರ ಮುಂದೆ ಹೋಗಿ, 4.6: ‘ತತ್ರ ಧ್ಯಾನಜಮನಾಶಯಮ್’. ಆ ಐದು ಬಗೆಯಲ್ಲಿ ಧ್ಯಾನದಿಂದ ಹುಟ್ಟಿದ ಚಿತ್ತಕ್ಕೆ ಮಾತ್ರ ಆಶಯ ಇಲ್ಲ, ಅಂದರೆ ಸಂಸ್ಕಾರದ ಗಸಿ ಉಳಿಯುವುದಿಲ್ಲ. 4.1 ತೋರಿಸುವವರು 4.6ರ ತನಕ ಓದಿದ್ದನ್ನು ಕಂಡದ್ದು ಕಮ್ಮಿ. ಸಿದ್ಧಿಗಳು ಸಮಾಧಿಗೆ ಅಡ್ಡಿ ಅಂತ ಮೂರನೇ ಪಾದ ಆಗಲೇ ಹೇಳಿ ಮುಗಿಸಿದೆ.

ಸುಮ್ಮನೆಕೂತವ

ಬೌದ್ಧರ ಲೆಕ್ಕ ಇನ್ನೂ ಖಚಿತ. ಹಳೆಯ ಬೌದ್ಧ ಪಂಥವಾದ ಥೇರವಾದದಲ್ಲಿ ಜ್ಞಾನೋದಯದ ಮೊದಲ ಹಂತವಾದ ಸ್ರೋತಾಪತ್ತಿಗೆ ಗುರುತು ಬೆಳಕು ಕಂಡದ್ದಲ್ಲ, ಮೂರು ಬಂಧನ ಕಡಿದದ್ದು: ‘ಇದು ನಾನು’ ಎಂಬ ದೃಷ್ಟಿ, ಸಂಶಯ, ವ್ರತಾಚರಣೆಯೇ ಬಿಡುಗಡೆ ಎಂಬ ಅಂಟು. ಒಮ್ಮೆ ಕಡಿದರೆ ಮತ್ತೆ ಬೆಳೆಯಬಾರದು. ಆ ಪಂಥದ ಧ್ಯಾನದ ಕೈಪಿಡಿ ವಿಶುದ್ಧಿಮಗ್ಗದಲ್ಲಿ ಹತ್ತು ಉಪಕ್ಲೇಶಗಳ, ಅಂದರೆ ಧ್ಯಾನಿಯ ದಾರಿ ತಪ್ಪಿಸುವ ಅನುಭವಗಳ ಪಟ್ಟಿ ಇದೆ: ಪ್ರಭೆ, ಪ್ರೀತಿ, ಪ್ರಶಾಂತಿ, ಸುಖ, ಹರಿತವಾದ ಜ್ಞಾನ... ಧ್ಯಾನಿ ‘ಮುಟ್ಟಿದೆ’ ಅಂದುಕೊಳ್ಳುವುದು ಇಲ್ಲೇ. ಎಂಇಕ್ಯೂ30ರ ಆನಂದದ ಗುಂಪನ್ನೂ ಈ ಪಟ್ಟಿಯನ್ನೂ ಎದುರುಬದುರು ಇಟ್ಟು ನೋಡಿ. ಒಬ್ಬರ ಸಾಧನೆಯ ಪಟ್ಟಿ ಇನ್ನೊಬ್ಬರ ಎಚ್ಚರಿಕೆಯ ಪಟ್ಟಿ.

ಹಾಗಂತ ನನ್ನ ನಿಲುವು ‘ಉಪಯೋಗವಿಲ್ಲ’ ಅಂತ ಅಲ್ಲ. ಜ್ಯೂರಿಕ್ ತಂಡ 39 ಧ್ಯಾನಿಗಳನ್ನು ಐದು ದಿನದ ಮೌನ ಶಿಬಿರದಲ್ಲಿ ಕೂರಿಸಿ ನಾಲ್ಕನೇ ದಿನ ಅರ್ಧ ಜನಕ್ಕೆ ಕೆಜಿಗೆ 315 ಮೈಕ್ರೋಗ್ರಾಂ ಸೈಲೋಸೈಬಿನ್ ಕೊಟ್ಟಿತು. 70 ಕೆಜಿಯವರಿಗೆ ಸುಮಾರು 22 ಮಿಲಿಗ್ರಾಂ. ಉಳಿದವರೂ ಅಷ್ಟೇ ಹೊತ್ತು ಕೂತಿದ್ದರು, ಗುಳಿಗೆ ಖಾಲಿ. ನಾಲ್ಕು ತಿಂಗಳ ನಂತರ ಸೈಲೋಸೈಬಿನ್ ಗುಂಪಿನವರ ಮನಸ್ಸು, ನಡವಳಿಕೆಯಲ್ಲಿ ಒಳ್ಳೆಯ ಬದಲಾವಣೆ ಹೆಚ್ಚಿತ್ತು. ಹಾಪ್ಕಿನ್ಸ್‌ನ 2018ರ ಅಧ್ಯಯನ ಇದರ ಕನ್ನಡಿ: 75 ಮಂದಿ, 25ರ ಮೂರು ಗುಂಪು. ಒಂದಕ್ಕೆ ನಾಮಕಾವಸ್ತೆ 1 ಮಿಲಿಗ್ರಾಂ, ಇನ್ನೆರಡಕ್ಕೆ ದೊಡ್ಡ ಡೋಸ್. ಆ ಎರಡರಲ್ಲಿ ಒಂದಕ್ಕೆ ಮಾತ್ರ ಧ್ಯಾನ, ದಿನಚರಿ ಬರೆಯುವುದು, ಎಚ್ಚರದ ಅಭ್ಯಾಸ ಇವಕ್ಕೆ ಹೆಚ್ಚಿನ ಬೆಂಬಲ. ಆರು ತಿಂಗಳಿಗೆ ಕೃತಜ್ಞತೆ, ಕ್ಷಮೆ, ಹತ್ತಿರದವರೊಂದಿಗಿನ ಸಂಬಂಧ ಇವುಗಳಲ್ಲಿ ಅತಿ ಹೆಚ್ಚು ಬದಲಾದದ್ದು ಡೋಸ್ ಮತ್ತು ಬೆಂಬಲ ಎರಡೂ ಸಿಕ್ಕ ಗುಂಪು. ಬೀಜಕ್ಕಿಂತ ಹೊಲ ಹದವಾಗಿತ್ತೇ ಅನ್ನುವ ಪ್ರಶ್ನೆ ಇದು.

ನೇತಿನೇತಿ

ಒಪ್ಪಿದೆ. ಆದರೆ ಜನಕ್ಕೆ ಆ ಹೊತ್ತಿನಲ್ಲಿ ‘ತಿಳಿಯಿತು’ ಅನ್ನಿಸುತ್ತದಲ್ಲ, ಅದಕ್ಕೆ ಬೆಲೆ ಇಲ್ಲವೇ? ವಿಲಿಯಂ ಜೇಮ್ಸ್ 1902ರಲ್ಲಿ ಅನುಭಾವಕ್ಕೆ ಕೊಟ್ಟ ನಾಲ್ಕು ಲಕ್ಷಣಗಳಲ್ಲಿ ಇದೂ ಒಂದು: ಅದು ಬರೀ ಭಾವನೆಯಲ್ಲ, ಅರಿವು ಅನ್ನಿಸಬೇಕು.

ಅಳತೆಗೋಲು

‘ತಿಳಿಯಿತು’ ಅನ್ನಿಸುವುದನ್ನು ಪ್ರತ್ಯೇಕವಾಗಿ ಹುಟ್ಟಿಸಬಹುದು, ತೊಂದರೆ ಅಲ್ಲಿದೆ. 2020ರಲ್ಲಿ ಲೌಕೋನೆನ್ ತಂಡ ಮಾಡಿದ ಪ್ರಯೋಗದಲ್ಲಿ ಔಷಧದ ಸೋಂಕೇ ಇಲ್ಲ. ಒಂದು ಹೇಳಿಕೆ ಕೊಟ್ಟು, ಅದರಲ್ಲಿ ಒಂದು ಪದದ ಅಕ್ಷರಗಳನ್ನು ಕಲಸಿಬಿಡುತ್ತಾರೆ. ಓದುವವರು ಪದವನ್ನು ಬಿಡಿಸಬೇಕು. ಬಿಡಿಸಿದ ಕ್ಷಣ ‘ಆಹಾ’ ಅನ್ನಿಸಿದರೆ ಇಡೀ ಹೇಳಿಕೆಯೇ ಹೆಚ್ಚು ಸತ್ಯ ಅನ್ನಿಸುತ್ತದೆ, ಪದ ಬಿಡಿಸುವುದಕ್ಕೂ ಹೇಳಿಕೆಯ ಸತ್ಯಕ್ಕೂ ಸಂಬಂಧವೇ ಇಲ್ಲದಿದ್ದರೂ. ಇನ್ನು ಗಂಟೆಗಟ್ಟಲೆ ‘ಆಹಾ’ ಹುಟ್ಟಿಸುವ ರಾಸಾಯನಿಕದ ಕೆಳಗೆ ಯಾವ ಮಾತು ಕಿವಿಗೆ ಬಿದ್ದರೂ ವೇದವಾಕ್ಯ ಆಗುವ ಅಪಾಯ ಇದೆ. ಎಲ್‌ಎಸ್‌ಡಿ ಅಡಿಯಲ್ಲಿ ಸೂಚನೆಗೆ ಬಗ್ಗುವ ಗುಣ ಹೆಚ್ಚುವುದನ್ನೂ 2015ರಲ್ಲಿ ತೋರಿಸಿದ್ದಾರೆ.

ಖಾಲಿ ಗುಳಿಗೆಯ ಬಲವನ್ನೂ ಕಡೆಗಣಿಸಬೇಡಿ. 2020ರಲ್ಲಿ ಓಲ್ಸನ್ ತಂಡ 33 ವಿದ್ಯಾರ್ಥಿಗಳಿಗೆ ಸೈಲೋಸೈಬಿನ್‌ನಂಥದ್ದು ಅಂತ ಹೇಳಿ ಖಾಲಿ ಗುಳಿಗೆ ಕೊಟ್ಟು, ಬಣ್ಣದ ದೀಪ, ಸಂಗೀತ, ಪರಿಣಾಮ ಆದಂತೆ ನಟಿಸುವವರು ಎಲ್ಲ ಇದ್ದ ಕೋಣೆಯಲ್ಲಿ ನಾಲ್ಕು ಗಂಟೆ ಬಿಟ್ಟಿತು. ಶೇ 61 ಮಂದಿ ಏನೋ ಒಂದು ಆಯಿತು ಅಂದರು.

ಹಳೇಕಡತ

‘ಹಳೆಯ ಜನಾಂಗಗಳು ಸಾವಿರಾರು ವರ್ಷದಿಂದ ಮೋಕ್ಷಕ್ಕೆ ಬಳಸುತ್ತಿದ್ದವು’ ಅನ್ನುವ ಮಾತಿಗೂ ಒಂದು ತಿದ್ದುಪಡಿ. ಮೆಕ್ಸಿಕೋದ ಓಹಾಕಾದಲ್ಲಿ ಮಾಸಾಟೆಕ್ ಜನರ ವೈದ್ಯೆ ಮರಿಯಾ ಸಬೀನಾ 1955ರಲ್ಲಿ ಅಮೆರಿಕದ ಬ್ಯಾಂಕರ್ ಗಾರ್ಡನ್ ವಾಸನ್‌ಗೆ ಅಣಬೆಯ ರಾತ್ರಿವಿಧಿಯಲ್ಲಿ ಜಾಗ ಕೊಟ್ಟಳು. 1957ರಲ್ಲಿ ಆತ ‘ಲೈಫ್’ ಪತ್ರಿಕೆಯಲ್ಲಿ ಬರೆದ, ಊರಿಗೆ ಹೊರಗಿನವರ ದಂಡು ಬಂತು. ಆಕೆ ಆ ವಿಧಿ ಮಾಡುತ್ತಿದ್ದದ್ದು ಕಾಯಿಲೆಯವರ ಕಾಯಿಲೆ ಯಾಕೆ, ವಾಸಿಯಾಗುತ್ತದೋ ಇಲ್ಲವೋ ಅಂತ ತಿಳಿಯಲು. ದೇವರನ್ನು ಹುಡುಕಿಕೊಂಡು ಅಣಬೆ ತಿನ್ನಲು ಬಂದವರು ಅಲ್ಲಿಯವರಿಗೆ ಹೊಸಬರು. ಆಕೆಗೆ ಅದರಿಂದ ಆದದ್ದು ನಷ್ಟವೇ: ಪೊಲೀಸರ ಕಾಟ, ಸುಟ್ಟ ಮನೆ.

ಕಾವಲು

ತತ್ವ ಇಷ್ಟು ಸಾಕು. ಓದುವವರಲ್ಲಿ ಪ್ರಯೋಗಕ್ಕೆ ಕೈ ಹಾಕುವ ಮನಸ್ಸಿನವರೂ ಇರುತ್ತಾರೆ, ಅವರಿಗಾಗಿ ಇದು. ಸೈಲೋಸೈಬಿನ್, ಎಲ್‌ಎಸ್‌ಡಿ, ಮೆಸ್ಕಲಿನ್, ಡಿಎಂಟಿ ಎಲ್ಲವೂ ವಿಶ್ವಸಂಸ್ಥೆಯ 1971ರ ಒಪ್ಪಂದದ ಮೊದಲ ಪಟ್ಟಿಯಲ್ಲಿವೆ, ಹೆಚ್ಚಿನ ದೇಶಗಳಲ್ಲಿ ಇಟ್ಟುಕೊಳ್ಳುವುದೇ ಅಪರಾಧ. ಮೇಲಿನ ಅಂಕಿಗಳೆಲ್ಲ ಅನುಮತಿ ಪಡೆದ ಪ್ರಯೋಗಾಲಯದವು, ಶುದ್ಧತೆ ಖಾತ್ರಿಯಿರುವ ಗುಳಿಗೆಯವು. ಅವನ್ನು ಹೊರಗೆ ನಕಲು ಮಾಡಲು ಆಗುವುದಿಲ್ಲ: ಅಣಬೆಯಿಂದ ಅಣಬೆಗೆ ಸತ್ವ ಬದಲಾಗುತ್ತದೆ, ನೋಡಲು ಹೋಲುವ ಗ್ಯಾಲರಿನಾ ಜಾತಿ ಯಕೃತ್ತನ್ನು ಕೊಲ್ಲುತ್ತದೆ, ಎಲ್‌ಎಸ್‌ಡಿ ಅಂತ ಮಾರುವ ಕಾಗದದಲ್ಲಿ ಎನ್‌ಬಿಒಎಂಇ ಎಂಬ ಬೇರೆಯೇ ರಾಸಾಯನಿಕ ಇದ್ದು ಸತ್ತವರಿದ್ದಾರೆ.

ಪ್ರಯೋಗಾಲಯದಲ್ಲಿ ಯಾರನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ ಗೊತ್ತೇ? ತನಗಾಗಲಿ, ತಂದೆ-ತಾಯಿ, ಒಡಹುಟ್ಟಿದವರು, ಮಕ್ಕಳಿಗಾಗಲಿ ಸ್ಕಿಜೋಫ್ರೇನಿಯಾ ಅಥವಾ ಬೈಪೋಲಾರ್ ಇದ್ದರೆ ಇಲ್ಲ. ವಿಶ್ರಾಂತಿಯಲ್ಲಿ ರಕ್ತದೊತ್ತಡ 140/90 ಮೀರಿದ್ದರೆ ಇಲ್ಲ, ಯಾಕೆಂದರೆ ಮದ್ದು ಅದನ್ನು ಇನ್ನೂ ಏರಿಸುತ್ತದೆ. ಲಿಥಿಯಂ ಜೊತೆ ಸೇರಿದರೆ ಸೆಳವು ಬಂದ ವರದಿಗಳಿವೆ. ಡಿಎಂಟಿ ಇರುವ ಅಮೆಜಾನ್ ಕಡೆಯ ಕಷಾಯ ಅಯಾಹುವಾಸ್ಕಾ ಇನ್ನೂ ಬೇರೆ: ಅದರಲ್ಲಿನ ಹಾರ್ಮಲಾ ಆಲ್ಕಲಾಯ್ಡ್‌ಗಳು ಡಿಎಂಟಿಯನ್ನೂ ಸೆರೊಟೋನಿನ್ ಅನ್ನೂ ಒಡೆಯುವ ಎಂಎಒ-ಎ ಕಿಣ್ವವನ್ನು ಕಟ್ಟಿಹಾಕುವುದರಿಂದಲೇ ಬಾಯಿಂದ ಕುಡಿದ ಡಿಎಂಟಿ ಕೆಲಸ ಮಾಡುತ್ತದೆ, ಅದೇ ಕಾರಣಕ್ಕೆ ಖಿನ್ನತೆಯ ಎಸ್‌ಎಸ್‌ಆರ್‌ಐ ಮಾತ್ರೆಗಳ ಜೊತೆ ಸೇರಿದರೆ ಸೆರೊಟೋನಿನ್ ವಿಷವೇರಿ ಜೀವಕ್ಕೆ ಕುತ್ತು. ‘ಹಾಗಾದರೆ ಮಾತ್ರೆ ನಿಲ್ಲಿಸಿ ಹೋಗುತ್ತೇನೆ’ ಅನ್ನುವುದು ಎರಡನೇ ತಪ್ಪು. ದಿಢೀರ್ ನಿಲ್ಲಿಸಿದರೆ ಹಳೆಯ ಖಿನ್ನತೆ ಬಡ್ಡಿ ಸಮೇತ ಮರಳಬಹುದು.

ಒಳ್ಳೆಯ ಆರೈಕೆ ಇದ್ದಾಗಲೂ ಹಾಪ್ಕಿನ್ಸ್‌ನ ಆ 36ರಲ್ಲಿ 11 ಮಂದಿಗೆ ಒಂದು ಹಂತದಲ್ಲಿ ತೀವ್ರ ಭಯ ಬಂದಿತ್ತು. ಮೊದಲೇ ಎಂಟು ಗಂಟೆಯಷ್ಟು ಮಾತುಕತೆ ನಡೆದು ಮಾರ್ಗದರ್ಶಿಯ ಮೇಲೆ ನಂಬಿಕೆ ಕೂತಿದ್ದರಿಂದ ಅದು ಅಲ್ಲೇ ಇಳಿಯಿತು. ಭಯ ಬೆಳೆಯುವುದು ಒಂದೇ ಕ್ರಮದಲ್ಲಿ: ಏರುವ ಹೊತ್ತಿನಲ್ಲಿ ಹಿಡಿತ ತಪ್ಪುತ್ತಿದೆ ಅನ್ನಿಸುತ್ತದೆ, ಹಿಡಿತಕ್ಕೆ ಒದ್ದಾಡುತ್ತಾರೆ, ಒದ್ದಾಟವೇ ಎದೆಬಡಿತ ಏರಿಸುತ್ತದೆ, ಎದೆಬಡಿತ ‘ಸಾಯುತ್ತಿದ್ದೇನೆ’ ಅನ್ನುವುದಕ್ಕೆ ಸಾಕ್ಷಿಯಾಗುತ್ತದೆ. ಆಗ ಪಕ್ಕದವರು ತರ್ಕ ಹೇಳಬಾರದು. ಕಮ್ಮಿ ಮಾತು, ಮೊದಲೇ ಒಪ್ಪಿದ್ದರೆ ಕೈ ಹಿಡಿಯುವುದು, ಮಲಗಿ ಉಸಿರಿಗೆ ಮರಳಿಸುವುದು. ತೀರಾ ಆಗದಿದ್ದರೆ ವೈದ್ಯರ ಬಳಿ ಡಯಾಜೆಪಾಮ್ ಇರುತ್ತದೆ.

ಕೆಲವರಿಗೆ ತಿಂಗಳುಗಟ್ಟಲೆ ದೃಷ್ಟಿಯಲ್ಲಿ ಚುಕ್ಕಿ, ಬಾಲದಂಥ ಗೆರೆ ಉಳಿದುಬಿಡುತ್ತದೆ. ಇನ್ನೊಂದು ಹಾನಿ ಕಣ್ಣಿಗೆ ಕಾಣದ್ದು: ‘ನಾನೇ ಆರಿಸಲ್ಪಟ್ಟವನು’ ಅನ್ನುವ ಉಬ್ಬು. ಅಹಂ ಕರಗಿದ್ದನ್ನೇ ಅಹಂ ಪದಕದಂತೆ ಎದೆಗೆ ಚುಚ್ಚಿಕೊಳ್ಳುತ್ತದೆ. ಇಳಿದ ಮೇಲೆ ಮೊದಲ ಕೆಲವು ವಾರ ಕೆಲಸ ಬಿಡುವುದು, ಸಂಸಾರ ಬಿಡುವುದು, ಯಾರಿಗೋ ಆಸ್ತಿ ಬರೆದುಕೊಡುವುದು, ಇಂಥ ತೀರ್ಮಾನ ಬೇಡ. ‘ಈಗಲೇ ಇನ್ನೊಂದು ಡೋಸ್ ತಗೊಂಡರೆ ಪೂರ್ತಿ ಆಗುತ್ತದೆ’ ಅನ್ನುವ ಗುರು ಸಿಕ್ಕರೆ ಎದ್ದು ಬನ್ನಿ.

ಸುಮ್ಮನೆಕೂತವ

ನ್ಯಾಯಕ್ಕೆ ಒಂದು ಸೇರ್ಪಡೆ: ಧ್ಯಾನವೂ ನಿರಪಾಯ ಅಲ್ಲ. 2017ರಲ್ಲಿ ಲಿಂಡಾಲ್ ತಂಡ ಪಾಶ್ಚಾತ್ಯ ಬೌದ್ಧ ಸಾಧಕರನ್ನು ಸಂದರ್ಶಿಸಿದಾಗ ಭಯ, ನಿದ್ದೆಗೇಡು, ‘ನಾನು’ ಕಳೆದುಹೋದ ಗಾಬರಿ ಎಲ್ಲ ಬಂದವು, ಕೆಲವರಿಗೆ ವರ್ಷಗಟ್ಟಲೆ. ದಾರಿ ನಿಧಾನ ಅಂದ ಮಾತ್ರಕ್ಕೆ ಮೆತ್ತಗಿರುವುದಿಲ್ಲ.

ನೇತಿನೇತಿ

ಕೊನೆಯ ಪ್ರಶ್ನೆ. ಸ್ಥಿತಿ ಬೇರೆ, ಸ್ವಭಾವ ಬೇರೆ ಅಂತ ಎಲ್ಲರೂ ಒಪ್ಪುತ್ತೀರಿ. ಸ್ವಭಾವ ಬದಲಾಯಿತೇ ಅಂತ ಯಾರಾದರೂ ಹೊರಗಿನಿಂದ ನೋಡಿದ್ದಾರೆಯೇ? ಎಲ್ಲ ಅಂಕಗಳೂ ತಾವೇ ತಮಗೆ ಹಾಕಿಕೊಂಡದ್ದು.

ಅಳತೆಗೋಲು

ನೋಡಿದ್ದಾರೆ, ಹಾಪ್ಕಿನ್ಸ್‌ನ ಅದೇ 2006ರ ಅಧ್ಯಯನದಲ್ಲಿ. ಪ್ರತಿಯೊಬ್ಬರೂ ತಮ್ಮ ಜೊತೆ ಒಡನಾಟ ಇರುವ ಮೂವರ ಹೆಸರು ಕೊಡಬೇಕಿತ್ತು: ಮನೆಯವರು, ಗೆಳೆಯರು, ಕೆಲಸದ ಜೊತೆಗಾರರು. ಅವರಿಗೆ ಸಂಶೋಧಕರು ಫೋನ್ ಮಾಡಿ ಈ ವ್ಯಕ್ತಿಯ ನಡವಳಿಕೆ ಹೇಗಿದೆ ಅಂತ ಕೇಳಿ ಅಂಕ ಹಾಕಿಸಿದರು. ಬದಲಾವಣೆ ಕಂಡಿತು, ಒಳ್ಳೆಯ ದಿಕ್ಕಿಗೇ ಕಂಡಿತು, ಆದರೆ ಚಿಕ್ಕದು. ಒಳಗಿನವರು ಹೇಳಿದ ‘ಜೀವನದ ಅತಿ ದೊಡ್ಡ ಘಟನೆ’ಯ ಗಾತ್ರಕ್ಕೂ ಹೊರಗಿನವರು ಕಂಡದ್ದರ ಗಾತ್ರಕ್ಕೂ ಇರುವ ಆ ಅಂತರದಲ್ಲೇ ನಿಮ್ಮ ಇಡೀ ಪ್ರಶ್ನೆ ಕೂತಿದೆ ಅನ್ನುವುದು ನನ್ನ ಲೆಕ್ಕ.

ಆ ಅಳತೆಯಲ್ಲೂ ಒಂದು ಲೋಪ ಇದೆ. ಮೂವರನ್ನು ಆರಿಸಿದ್ದು ಭಾಗವಹಿಸಿದವರೇ.

ಕಾವಲು

ಆರಿಸುವ ಕೆಲಸ ಸಂಶೋಧಕರು ಮಾಡಬೇಕು, ಮೂವರಲ್ಲಿ ಒಬ್ಬರಾದರೂ ಆ ವ್ಯಕ್ತಿಯ ಜೊತೆ ಮಾತು ಬಿಟ್ಟವರಿರಬೇಕು.